ಒಂದೇ ಮುಖ, ಹಲವು ಪಾತ್ರ: ನಗೆಚಿತ್ರದ ಎರಡನೆಯ ಭಾಗವನ್ನು ಕಟ್ಟುವ ಬಗೆ

ಮೊದಲ ಭಾಗ ಗೆದ್ದಿದೆ. ಅಣ್ಣನೂ ಅವನೇ, ತಮ್ಮನೂ ಅವನೇ, ತಾತನೂ ಅವನೇ. ಜನ ಹೊಟ್ಟೆ ತುಂಬ ನಕ್ಕಿದ್ದಾರೆ. ಈಗ ನಿರ್ಮಾಪಕರು ಎರಡನೆಯ ಭಾಗ ಬೇಕು ಎನ್ನುತ್ತಿದ್ದಾರೆ, ಜೊತೆಗೆ ಪಾತ್ರಗಳು ಈ ಸಲ ಆರಾದರೂ ಇರಲಿ ಎಂದೂ ಸೇರಿಸಿದ್ದಾರೆ. ಇಂಥ ಚಿತ್ರದ ಕಥೆಗೆ ಕೂರುವವರಿಗೂ ಸೆಟ್ಟಿನಲ್ಲಿ ನಿಲ್ಲುವವರಿಗೂ ಕೆಲಸಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಸಹನಿರ್ದೇಶಕಿ. ಒಬ್ಬ ನಟನೇ ಎರಡು ಮೂರು ಪಾತ್ರ ಮಾಡುವ ದೃಶ್ಯಗಳಲ್ಲಿ ಕಂಟಿನ್ಯೂಟಿ (ಒಂದು ಶಾಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಾರದಂತೆ ಹೊಂದಿಕೆ) ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹಾಗಾಗಿ ನನ್ನ ಕಣ್ಣು ಮುಖಕ್ಕಿಂತ ಮೊದಲು ಕೈಗಡಿಯಾರ ಯಾವ ಕೈಯಲ್ಲಿದೆ ಎಂಬುದರ ಮೇಲೆ ಹೋಗುತ್ತದೆ.

ಮೊದಲ ಭಾಗದಲ್ಲಿ 'ಇಬ್ಬರೂ ಒಬ್ಬನೇ ಅಲ್ಲವೇ!' ಎಂಬ ಬೆರಗೇ ಅರ್ಧ ಕೆಲಸ ಮಾಡಿಬಿಡುತ್ತದೆ. ಎರಡನೆಯ ಭಾಗಕ್ಕೆ ಬರುವ ಹೊತ್ತಿಗೆ ಆ ಬೆರಗು ಖರ್ಚಾಗಿರುತ್ತದೆ. ಆಮೇಲೆ ನಗಿಸಬೇಕಾದದ್ದು ಆ ಪಾತ್ರಗಳ ನಡುವಿನ ಜಗಳ, ಸಲಿಗೆ, ಹೊಟ್ಟೆಕಿಚ್ಚು. ಒಬ್ಬನ ಮಾತು ಮುಗಿದು ಇನ್ನೊಬ್ಬನ ಉತ್ತರ ಬೀಳುವುದರೊಳಗಿನ ಆ ಚೂರು ಸಮಯವನ್ನು ಹೇಗೆ ಕಾಪಾಡುವುದು ಎಂಬುದೇ ಇಲ್ಲಿ ನಾನು ಹೇಳಬೇಕೆಂದಿರುವ ವಿಷಯ. ಕ್ಯಾಮೆರಾ, ಮೇಕಪ್, ಕಾಲ್‌ಶೀಟ್ ಎಲ್ಲವೂ ಅದರ ಸೇವೆಗೆ ಇರುವಂಥವು.

ಕಥೆಯ ಮೇಜಿನಲ್ಲಿ

ಬರೆಯುವ ಮುನ್ನ ಮೊದಲ ಭಾಗವನ್ನು ಜನರ ನಡುವೆ ಕೂತು ಮತ್ತೊಮ್ಮೆ ನೋಡಿ. ನಗು ಬಂದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ. ಆ ನಗುವಿನಲ್ಲಿ ಒಂದಷ್ಟು ಒಬ್ಬನನ್ನು ಇನ್ನೊಬ್ಬ ಎಂದು ತಪ್ಪಾಗಿ ತಿಳಿದದ್ದರಿಂದ ಬಂದದ್ದು. ಉಳಿದದ್ದು ಆ ಪಾತ್ರದ ಸ್ವಭಾವದಿಂದ ಬಂದದ್ದು. ತಪ್ಪು ತಿಳಿವಳಿಕೆಯ ನಗುವನ್ನು ಎರಡನೆಯ ಭಾಗದಲ್ಲಿ ಮತ್ತೆ ಬಿತ್ತಲು ಹೋಗಬೇಡಿ. ಜನ ನಿಮಗಿಂತ ಮುಂದಿರುತ್ತಾರೆ. ಸ್ವಭಾವದ ನಗು ಮಾತ್ರ ಎಷ್ಟು ಸಲ ಕೊಯ್ದರೂ ಚಿಗುರುತ್ತದೆ.

1996ರ 'ದಿ ನಟ್ಟಿ ಪ್ರೊಫೆಸರ್' ಚಿತ್ರದಲ್ಲಿ ಎಡ್ಡಿ ಮರ್ಫಿ ಏಳು ಪಾತ್ರ ಮಾಡಿದ್ದರು. ಕಥೆ ಪ್ರೊಫೆಸರನದು. ಆದರೆ ಇಡೀ ಕುಟುಂಬ ಊಟಕ್ಕೆ ಕೂತು ಒಬ್ಬರ ಮೇಲೊಬ್ಬರು ಮಾತಾಡುವ ದೃಶ್ಯ ಜನರ ಬಾಯಲ್ಲಿ ಉಳಿಯಿತು. 2000ದಲ್ಲಿ ಬಂದ ಎರಡನೆಯ ಭಾಗದ ಹೆಸರಿನಲ್ಲೇ ಆ ಕುಟುಂಬದ ಹೆಸರು ಸೇರಿಕೊಂಡಿತು: 'ದಿ ಕ್ಲಂಪ್ಸ್'. ಎರಡನೆಯ ಭಾಗ ಹೋಗಬೇಕಾದ ದಿಕ್ಕು ಯಾವುದು ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಮೊದಲ ಭಾಗದಲ್ಲಿ ಜೀವ ಎಲ್ಲಿ ತುಳುಕಿತೋ ಅಲ್ಲಿಗೆ ಹೋಗಿ, ಅದು ಕಥೆಯ ಮೂಲೆಯಲ್ಲಿದ್ದ ಪಾತ್ರವಾದರೂ ಸರಿ.

ಹೊಸ ಪಾತ್ರಗಳ ವಿಷಯ. ಮೈಕ್ ಮೈಯರ್ಸ್‌ನ ಆಸ್ಟಿನ್ ಪವರ್ಸ್ ಸರಣಿಯಲ್ಲಿ ಅವನ ಪಾತ್ರಗಳು 1997ರಲ್ಲಿ ಎರಡು, 1999ರಲ್ಲಿ ಮೂರು, 2002ರಲ್ಲಿ ನಾಲ್ಕು. ಪ್ರತಿ ಭಾಗಕ್ಕೂ ಒಂದೊಂದೇ ಹೊಸದು. ಈ ನಿಧಾನ ನನಗೆ ಒಪ್ಪಿಗೆ. ಹೊಸ ಪಾತ್ರವೊಂದನ್ನು ತರುವ ಮುನ್ನ ಅದಕ್ಕೆ ಹಳೆಯ ಯಾವ ಪಾತ್ರದೊಂದಿಗೆ ತಕರಾರು ಇದೆ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಸಾಲು ಹೊಳೆಯದಿದ್ದರೆ ಆ ಪಾತ್ರವನ್ನು ಬೇರೆ ನಟನಿಗೆ ಕೊಡಿ, ಅಥವಾ ಬಿಟ್ಟೇಬಿಡಿ. ಆರು ಪಾತ್ರ ಎಂದು ಪೋಸ್ಟರಿನಲ್ಲಿ ಹಾಕಬಹುದು. ಆದರೆ ಒಂದಕ್ಕೊಂದು ತಾಗದ ಆರು ಪಾತ್ರಗಳನ್ನು ಕೂಡಿಸಿದರೆ ವೇಷಭೂಷಣದ ಪ್ರದರ್ಶನವಾಗುತ್ತದೆ, ಸಿನಿಮಾ ಆಗುವುದಿಲ್ಲ.

ಸಂಭಾಷಣೆ ಬರೆದಾದ ಮೇಲೆ ಪಾತ್ರಗಳ ಹೆಸರುಗಳನ್ನು ಕೈಯಿಂದ ಮುಚ್ಚಿ ಓದಿ. ಇದು ತಾತ, ಇದು ಮೊಮ್ಮಗ ಎಂದು ಮಾತಿನಿಂದಲೇ ಗೊತ್ತಾಗಬೇಕು. ತಾತ ಪ್ರಶ್ನೆ ಕೇಳುವುದೇ ಇಲ್ಲ, ಆಜ್ಞೆ ಮಾಡುತ್ತಾನೆ. ಮೊಮ್ಮಗ ಪ್ರತಿ ಮಾತನ್ನೂ ಅರ್ಧಕ್ಕೆ ಬಿಡುತ್ತಾನೆ. ಹೀಗೆ ಒಬ್ಬೊಬ್ಬರಿಗೂ ಮಾತಿನ ಒಂದು ಜಾಡು ಇದ್ದರೆ ನಟನ ಕೆಲಸ ಅರ್ಧ ಹಗುರ.

ಮೊದಲು ಮೈ, ಆಮೇಲೆ ಮೀಸೆ

ಮೀಸೆ, ಕನ್ನಡಕ, ಮಚ್ಚೆ ಇವುಗಳಿಂದ ಪಾತ್ರ ಬೇರೆಯಾಗುವುದಿಲ್ಲ. ನಟನನ್ನು ಮೇಕಪ್ ಇಲ್ಲದೆ, ಮನೆಯ ಬಟ್ಟೆಯಲ್ಲೇ, ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿ, ಒಂದೊಂದು ಪಾತ್ರವಾಗಿ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಸಿ. ಬರಿಯ ಆಕಾರ ನೋಡಿ ಯಾರೆಂದು ಹೇಳುವಂತಾಗಬೇಕು. ಒಬ್ಬ ಎದೆ ಮುಂದೆ ಮಾಡಿ ನಡೆಯುತ್ತಾನೆ, ಇನ್ನೊಬ್ಬನ ಗದ್ದ ಮುಂದೆ ಹೋಗುತ್ತದೆ, ಮತ್ತೊಬ್ಬನ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಉಸಿರು ಎಲ್ಲಿಂದ ಬರುತ್ತದೆ ಎಂಬುದನ್ನೂ ಗೊತ್ತು ಮಾಡಿಕೊಳ್ಳಿ, ದನಿ ಅದರ ಹಿಂದೆಯೇ ಬದಲಾಗುತ್ತದೆ. ನಮ್ಮಲ್ಲಿ 1978ರ 'ಶಂಕರ್ ಗುರು' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ತಂದೆಯಾಗಿಯೂ ಅವಳಿ ಮಕ್ಕಳಾಗಿಯೂ ಮೂರು ಪಾತ್ರ ಮಾಡಿದರು. ಅವಳಿಗಳೆಂದ ಮೇಲೆ ಮುಖದಲ್ಲಿ ಹೆಚ್ಚು ಬದಲಾವಣೆಗೆ ಅವಕಾಶವೇ ಇಲ್ಲ. ಎಲ್ಲ ವ್ಯತ್ಯಾಸವೂ ನಿಲುವಿನಲ್ಲಿ, ನೋಟದಲ್ಲಿ, ಮಾತಿನ ಓಟದಲ್ಲಿ ಬರಬೇಕು. ಆ ಚಿತ್ರವನ್ನು ದನಿ ಆರಿಸಿ ನೋಡುವುದು ಯಾವ ನಟನಿಗೂ ಒಳ್ಳೆಯ ಪಾಠ.

ಎರಡನೆಯ ಭಾಗಕ್ಕೆ ಇನ್ನೊಂದು ತೊಡಕು ಇದೆ: ನಟನಿಗೆ ವಯಸ್ಸಾಗಿರುತ್ತದೆ. ಮೊದಲ ಭಾಗದ ಸ್ಥಿರಚಿತ್ರಗಳನ್ನು ತೆಗೆದು ಪ್ರತಿ ಪಾತ್ರಕ್ಕೂ ಒಂದು ಪುಸ್ತಕ ಮಾಡಿ. ಬೈತಲೆ ಯಾವ ಕಡೆ, ಉಂಗುರ ಯಾವ ಬೆರಳಿಗೆ, ಸುಳ್ಳು ಹೇಳುವಾಗ ಕೈ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಅದರಲ್ಲಿರಲಿ. ಅಣ್ಣನಿಗೆ ಬಂದ ಬೊಜ್ಜು ತಮ್ಮನಿಗೂ ಬರಬೇಕಾಗಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಬಗೆಯಲ್ಲಿ ವಯಸ್ಸಾಗಲಿ. ಎಡ್ಡಿ ಮರ್ಫಿ ಹಲವು ಪಾತ್ರ ಮಾಡಿದ 'ಕಮಿಂಗ್ ಟು ಅಮೆರಿಕ' 1988ರದು, ಅದರ ಎರಡನೆಯ ಭಾಗ 2021ರದು. ನಡುವೆ 33 ವರ್ಷ. ಮೊದಲ ಭಾಗದಲ್ಲೇ ಮೇಕಪ್ಪಿನಿಂದ ಮುದುಕರಾಗಿದ್ದ ಕ್ಷೌರದಂಗಡಿಯಲ್ಲಿ ಸದಾ ವಾದ ಮಾಡುವ ಪಾತ್ರಗಳು ಎರಡನೆಯದರಲ್ಲೂ ಹಾಗೆಯೇ ಕೂತಿರುತ್ತಾರೆ. ಅವರಿಗೀಗ ಎಷ್ಟು ವಯಸ್ಸು ಎಂದು ಲೆಕ್ಕ ಹಾಕುವ ಗೋಜಿಗೆ ನೋಡುವವರು ಹೋಗುವುದಿಲ್ಲ, ಏಕೆಂದರೆ ವಾದ ಹಳೆಯದೇ, ಅದರ ಬಿಸಿಯೂ ಹಳೆಯದೇ.

ಬೀಗದ ಕೈಯ ದೃಶ್ಯ

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ತಾತನೂ ಮೊಮ್ಮಗನೂ ಒಬ್ಬನೇ ನಟ. ತಾತ ಕುರ್ಚಿಯಲ್ಲಿ ಕೂತಿದ್ದಾನೆ, ಮೊಮ್ಮಗ ಎದುರು ನಿಂತಿದ್ದಾನೆ.

"ತಾತ, ಈ ಮನೆಯ ಬೀಗದ ಕೈ..."

"ನನ್ನ ಸೊಂಟದಲ್ಲಿದೆ."

"ಅದನ್ನು ನನಗೆ..."

"ಕೊಡುವುದಿಲ್ಲ ಎಂದು ಹೇಳುವುದಕ್ಕೇ ನಿನ್ನನ್ನು ಕರೆಸಿದ್ದು."

ಆಮೇಲೆ ತಾತ ಬೀಗದ ಕೈ ತೆಗೆದು ಮೊಮ್ಮಗನತ್ತ ಚಾಚುತ್ತಾನೆ, ಅವನು ಹಿಡಿಯುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಇಷ್ಟೇ ದೃಶ್ಯ. ನಗು ಇರುವುದು ಎರಡು ಕಡೆ: ಮಾತು ತುಂಡಾಗುವಲ್ಲಿ ಮತ್ತು ಕೈ ಹಿಂದಕ್ಕೆ ಹೋಗುವಲ್ಲಿ.

ಮೊದಲ ಪ್ರಶ್ನೆ, ಯಾವ ಪಾತ್ರವನ್ನು ಮೊದಲು ಚಿತ್ರೀಕರಿಸಬೇಕು? ಹೆಚ್ಚು ಮಾತಾಡುವವನನ್ನು ಅಲ್ಲ, ದೃಶ್ಯದ ಲಗಾಮು ಯಾರ ಕೈಯಲ್ಲಿದೆಯೋ ಅವನನ್ನು. ಇಲ್ಲಿ ಅದು ತಾತ. ಯಾವಾಗ ತುಂಡರಿಸಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದೆಲ್ಲ ಅವನ ತೀರ್ಮಾನ. ಮೊಮ್ಮಗ ಅದಕ್ಕೆ ಪ್ರತಿಕ್ರಿಯಿಸುವವನು. ಹಾಗಾಗಿ ಮೊದಲ ಸುತ್ತಿನಲ್ಲಿ ತಾತ, ಎರಡನೆಯ ಸುತ್ತಿನಲ್ಲಿ ಮೊಮ್ಮಗ. ಇಬ್ಬರೂ ಒಟ್ಟಿಗೆ ಕಾಣುವ ಶಾಟಿಗೆ, ಕ್ಯಾಮೆರಾ ಅಲುಗಿಸದೆ ಎರಡೂ ಸುತ್ತು ಚಿತ್ರೀಕರಿಸಿ, ಒಂದರ ಎಡ ಭಾಗವನ್ನೂ ಇನ್ನೊಂದರ ಬಲ ಭಾಗವನ್ನೂ ನಡುವಿನ ಒಂದು ಗೆರೆಯಲ್ಲಿ ಕೂಡಿಸುತ್ತಾರೆ.

ಮೊದಲ ಸುತ್ತಿನಲ್ಲಿ ಮೊಮ್ಮಗನ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಈ ಇಡೀ ಕೆಲಸದ ಪ್ರಾಣ. ಎತ್ತರ, ಮೈಕಟ್ಟು ಹೊಂದುತ್ತದೆ ಎಂದು ಯಾರೋ ಒಬ್ಬರನ್ನು ಡ್ಯೂಪ್ ಆಗಿ ನಿಲ್ಲಿಸಿ ಮಾತು ಓದಿಸಿದರೆ ದೃಶ್ಯ ಅಲ್ಲೇ ಸತ್ತಂತೆ. ಅಲ್ಲಿ ನಿಜವಾದ ನಟ ಬೇಕು. ನಾಯಕನ ಎಲ್ಲ ಪಾತ್ರಗಳ ಮಾತೂ ಅವನಿಗೆ ಬಾಯಿಪಾಠವಿರಬೇಕು, ನಡಿಗೆಯೂ ಬರಬೇಕು, ನಾಯಕನ ಜೊತೆ ತಿಂಗಳ ಮೊದಲೇ ತಾಲೀಮಿಗೆ ಕೂತಿರಬೇಕು. ಅವನ ಮುಖ ತೆರೆಯ ಮೇಲೆ ಬರುವುದಿಲ್ಲ, ಆದರೆ ನಾಯಕನ ಕಣ್ಣಿನಲ್ಲಿ ಕಾಣುವ ಸಿಟ್ಟು ಅವನಿಂದ ಹುಟ್ಟಿದ್ದು. ಆಯ್ಕೆಯ ದಿನ ನಾನು ಇಂಥವರ ಕೈಗಳನ್ನೂ ನೋಡುತ್ತೇನೆ, ಬೆರಳಿನ ಗೆಣ್ಣು, ಉಗುರು, ಮಣಿಕಟ್ಟಿನ ದಪ್ಪ. ಹತ್ತಿರದ ಶಾಟುಗಳಲ್ಲಿ ಕೆಲಸಕ್ಕೆ ಬರುವುದು ಆ ಕೈಗಳೇ.

ಮಾತು ತುಂಡಾಗುವ ಜಾಗಕ್ಕೆ ಬನ್ನಿ. "ಅದನ್ನು ನನಗೆ..." ಎಂದು ಕಾಗದದ ಮೇಲೆ ಚುಕ್ಕಿ ಇಟ್ಟರೆ ನಟ ಆ ಚುಕ್ಕಿಯ ಹತ್ತಿರ ತಾನಾಗಿಯೇ ನಿಲ್ಲುತ್ತಾನೆ. ತುಂಡರಿಸುವ ಮೊದಲೇ ತುಂಡಾದ ಮಾತು ಎಂಥ ಪ್ರೇಕ್ಷಕನಿಗೂ ಗೊತ್ತಾಗುತ್ತದೆ. ಆದ್ದರಿಂದ ನಟನ ಪ್ರತಿಯಲ್ಲಿ ಮಾತು ಪೂರ್ತಿ ಇರಲಿ: "ಅದನ್ನು ನನಗೆ ಕೊಟ್ಟರೆ ಮಹಡಿಯನ್ನು ರಿಪೇರಿ ಮಾಡಿಸುತ್ತೇನೆ, ಮಳೆಗಾಲಕ್ಕೆ ಮುಂಚೆ." ಪೂರ್ತಿ ಹೇಳಿ ಮುಗಿಸುವ ಆಸೆಯಿಂದಲೇ ಅವನು ಬಾಯಿ ತೆರೆಯಬೇಕು. ಎದುರಿನವನ ಮಾತು ನಿಜವಾಗಿಯೂ ಬಂದು ಅಡ್ಡ ಬೀಳಬೇಕು. ಎರಡು ದನಿಗಳು ಮೈಕಿನಲ್ಲಿ ಒಂದರ ಮೇಲೊಂದು ಬೀಳುವುದರಿಂದ ಧ್ವನಿ ತಂತ್ರಜ್ಞರು ಬೇಡ ಎನ್ನುತ್ತಾರೆ, ಅವರ ಆಕ್ಷೇಪಣೆ ಸರಿಯಾದದ್ದೇ. ಆ ಒಂದೆರಡು ಪದಗಳನ್ನು ಆಮೇಲೆ ಡಬ್ ಮಾಡಿ ಸರಿಪಡಿಸಬಹುದು. ಕಣ್ಣಿನ ಆ ಬೆಚ್ಚುವಿಕೆಯನ್ನು ಡಬ್ ಮಾಡಲಾಗದು.

ತಾತನ ಸುತ್ತು ಮುಗಿದ ಕೂಡಲೇ, ಮೇಕಪ್ ಬದಲಾಗುವ ಮುನ್ನ, ಯಾವ ಟೇಕ್ ಓಕೆ ಎಂದು ತೀರ್ಮಾನಿಸಿ. ಬೇರೆ ದೃಶ್ಯಗಳಲ್ಲಿ ಇದನ್ನು ಸಂಕಲನದ ಕೋಣೆಗೆ ಬಿಡಬಹುದು, ಇಲ್ಲಿ ಸಾಧ್ಯವಿಲ್ಲ. ಎರಡನೆಯ ಸುತ್ತು ಆ ಟೇಕಿನ ಅಳತೆಗೇ ನಡೆಯುತ್ತದೆ. ಸಂಕಲನಕಾರರು ಆ ದಿನ ಸೆಟ್ಟಿನಲ್ಲಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎರಡನೆಯ ಸುತ್ತಿನಲ್ಲಿ ನಾಯಕ ಮೊಮ್ಮಗನಾಗಿ ಬರುತ್ತಾನೆ. ಕಿವಿಯೊಳಗೆ ಕಾಣದಂಥ ಇಯರ್‌ಪೀಸ್, ಅದರಲ್ಲಿ ಅವನದೇ ತಾತನ ದನಿ. ಮಾನಿಟರಿನಲ್ಲಿ ಓಕೆಯಾದ ಟೇಕನ್ನು ಮಸುಕಾಗಿ ಹಾಕಿ ಅದರ ಮೇಲೆ ಈಗಿನ ಚಿತ್ರ ಕಾಣುವಂತೆ ಮಾಡಿಕೊಳ್ಳಿ. ಇಬ್ಬರೂ ಸರಿಯಾದ ಜಾಗದಲ್ಲಿದ್ದಾರೆಯೇ ಎಂದು ಆಗಲೇ ಗೊತ್ತಾಗುತ್ತದೆ. ಇಲ್ಲೊಂದು ಅಪಾಯವಿದೆ. ತಾತ ಏನು ಹೇಳುತ್ತಾನೆ, ಯಾವಾಗ ಹೇಳುತ್ತಾನೆ ಎಂಬುದು ನಟನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಕೇಳಿಸಿಕೊಳ್ಳುವ ಮೊದಲೇ ಅವನ ಮುಖ ಉತ್ತರ ಕೊಟ್ಟುಬಿಡುತ್ತದೆ. ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ಇದು: ತಾಲೀಮಿನಲ್ಲಿ ತಾತನ ಬೇರೆ ಬೇರೆ ಟೇಕುಗಳನ್ನು ಅದಲುಬದಲು ಮಾಡಿ ಕೇಳಿಸಿ, ಯಾವುದು ಬರುತ್ತದೆ ಎಂದು ಹೇಳಬೇಡಿ. ಒಂದರಲ್ಲಿ ಮೌನ ಉದ್ದ, ಒಂದರಲ್ಲಿ ಗಿಡ್ಡ. ನಟ ಕಾಯುವುದನ್ನು ಬಿಟ್ಟು ಕೇಳಲು ಶುರು ಮಾಡುತ್ತಾನೆ. ಆ ಮೇಲೆ ಓಕೆಯಾದ ಟೇಕನ್ನು ಹಾಕಿ ಕ್ಯಾಮೆರಾ ಚಾಲೂ ಮಾಡಿ.

ನೋಟದ ದಿಕ್ಕು ತಪ್ಪಿದರೆ ಎಲ್ಲ ಶ್ರಮವೂ ನೀರುಪಾಲು. ತಾತ ಕೂತಾಗ ಅವನ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಟೇಪು ಹಿಡಿದು ಅಳೆದು ಬರೆದಿಡಿ. ಮೊಮ್ಮಗ ನೋಡಬೇಕಾದದ್ದು ಅದೇ ಎತ್ತರಕ್ಕೆ, ಗೋಡೆಗಲ್ಲ. ಒಬ್ಬನ ಭುಜದ ಹಿಂದಿನಿಂದ ಇನ್ನೊಬ್ಬನನ್ನು ತೋರಿಸುವ ಓವರ್ ಶೋಲ್ಡರ್ ಶಾಟುಗಳಲ್ಲಿ ಎದುರಿಗೆ ಡ್ಯೂಪ್ ನಟನೇ ಕೂರುವುದರಿಂದ ಚಿಂತೆಯಿಲ್ಲ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವ ಶಾಟಿನಲ್ಲಿ ಕುರ್ಚಿ ಖಾಲಿ ಇರಬೇಕಾಗುತ್ತದೆ. ಆಗ ಚೌಕಟ್ಟಿನ ಆಚೆ, ಅದೇ ಗೆರೆಯಲ್ಲಿ ಗುರುತಿನ ಕೋಲೊಂದನ್ನು ನಿಲ್ಲಿಸಿ. ತಾತ ತಲೆ ತಿರುಗಿಸುವಲ್ಲಿ ಕೋಲೂ ತಿರುಗಲಿ.

ಇನ್ನು ಬೀಗದ ಕೈ ಚಾಚುವ ಜಾಗ. ಒಂದೇ ಚೌಕಟ್ಟಿನಲ್ಲಿ ತಾತನ ಕೈ ಮೊಮ್ಮಗನ ಕಡೆಗೆ ದಾಟಿದರೆ ಎರಡು ಚಿತ್ರಗಳನ್ನು ಕೂಡಿಸುವ ಗೆರೆ ಮುರಿಯುತ್ತದೆ, ಫ್ರೇಮಿಗೆ ಫ್ರೇಮ್ ಕೈಯನ್ನು ಕತ್ತರಿಸಿ ಅಂಟಿಸಬೇಕಾಗುತ್ತದೆ. ಅಷ್ಟು ಖರ್ಚು ಬೇಡವೆಂದರೆ ಹೀಗೆ ಮಾಡಿ. ಅಗಲದ ಶಾಟಿನಲ್ಲಿ ತಾತ ಸೊಂಟದಿಂದ ಬೀಗದ ಕೈ ಬಿಚ್ಚುವುದು ಮಾತ್ರ ಇರಲಿ. ಮೊಮ್ಮಗನ ಬೆನ್ನ ಹಿಂದಿನಿಂದ, ಎಂದರೆ ಡ್ಯೂಪ್‌ನ ಭುಜದ ಮೇಲಿನಿಂದ, ತಾತ ಕೈ ಚಾಚಲಿ. ಎರಡು ಕೈಗಳ ಹತ್ತಿರದ ಶಾಟಿನಲ್ಲಿ ಒಂದು ನಾಯಕನದು, ಒಂದು ಡ್ಯೂಪ್‌ನದು. ಕೈ ಹಿಂದಕ್ಕೆ ಹೋದ ಕೂಡಲೇ ಅಗಲದ ಶಾಟಿಗೆ ಮರಳಿ, ಇಬ್ಬರೂ ಒಟ್ಟಿಗೆ ಕಾಣಲಿ. ಆಗ ಮುಟ್ಟಿದ್ದೂ ಕಂಡಂತೆ, ಒಟ್ಟಿಗಿದ್ದದ್ದೂ ಕಂಡಂತೆ ನೋಡುವವರ ಮನಸ್ಸೇ ಎರಡನ್ನೂ ಕೂಡಿಸಿಕೊಳ್ಳುತ್ತದೆ.

ಕ್ಯಾಮೆರಾ ಅಲುಗಬಾರದು

ಇದು ನೂರು ವರ್ಷಕ್ಕೂ ಹಳೆಯ ವಿದ್ಯೆ. 1921ರ 'ದಿ ಪ್ಲೇಹೌಸ್' ಎಂಬ ಕಿರುಚಿತ್ರದಲ್ಲಿ ಬಸ್ಟರ್ ಕೀಟನ್ ಒಂದೇ ಚೌಕಟ್ಟಿನಲ್ಲಿ ಒಂಬತ್ತು ಜನರಾಗಿ ಕಾಣಿಸಿಕೊಂಡ. ಕ್ಯಾಮೆರಾದ ಮುಂದೆ ಪಟ್ಟಿಪಟ್ಟಿಯಾಗಿ ತೆರೆಯುವ ಮುಚ್ಚಳಗಳನ್ನಿಟ್ಟು, ಒಂದು ಪಟ್ಟಿ ತೆರೆದು ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮುಂದಿನ ಪಟ್ಟಿ ತೆರೆದು ಮತ್ತೆ ಚಿತ್ರೀಕರಿಸಿದರು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸಬೇಕಿತ್ತು. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಪ್ರತಿ ಸುತ್ತಿನಲ್ಲೂ ಅದೇ ವೇಗ ಹಿಡಿದ. ಕೀಟನ್ ಬ್ಯಾಂಜೊ ವಾದ್ಯದ ಲಯಕ್ಕೆ ಹೆಜ್ಜೆ ಹೊಂದಿಸಿಕೊಂಡ. 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕರೊನೆಟ್ಸ್' ಚಿತ್ರದಲ್ಲಿ ಒಂದೇ ಮನೆತನದ ಎಂಟು ಜನರಾಗಿ ನಟಿಸಿದ ಅಲೆಕ್ ಗಿನೆಸ್, ಒಂದು ಶಾಟಿನಲ್ಲಿ ಆರು ಜನರಾಗಿ ಒಟ್ಟಿಗೆ ಕಾಣುತ್ತಾನೆ. ಅದರ ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್, ಯಾರೂ ಮುಟ್ಟದಿರಲಿ ಎಂದು ರಾತ್ರಿ ಕ್ಯಾಮೆರಾದ ಪಕ್ಕದಲ್ಲೇ ಮಲಗಿದ. ಈ ಕಾಳಜಿಗೆ ನಾನು ತಲೆಬಾಗುತ್ತೇನೆ.

ನಿಮ್ಮ ಸೆಟ್ಟಿನಲ್ಲಿ ಮಾಡಬೇಕಾದದ್ದು: ಟ್ರೈಪಾಡಿನ ಕಾಲುಗಳಿಗೆ ಮರಳಿನ ಚೀಲ, ನೆಲದ ಮೇಲೆ ಅವುಗಳ ಗುರುತು. ಫೋಕಸ್ ಉಂಗುರಕ್ಕೂ ಜೂಮ್ ಉಂಗುರಕ್ಕೂ ಟೇಪು. ಬೆಳಕು, ಬಣ್ಣ, ಫೋಕಸ್ ಯಾವುದನ್ನೂ ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವಂತೆ ಬಿಡಬೇಡಿ. ಯಾರೂ ಇಲ್ಲದ ಖಾಲಿ ಚೌಕಟ್ಟನ್ನು ಒಂದಿಷ್ಟು ಹೊತ್ತು ಚಿತ್ರೀಕರಿಸಿಕೊಳ್ಳಿ. ಕ್ಲೀನ್ ಪ್ಲೇಟ್ ಎನ್ನುವುದು ಇದನ್ನೇ. ಎರಡು ಚಿತ್ರ ಕೂಡುವ ಗೆರೆಯನ್ನು ಬಾಗಿಲ ಚೌಕಟ್ಟು, ಕಂಬ, ಬೀರುವಿನ ಅಂಚು ಇಂಥ ನೇರವಾದ, ಅಲುಗದ ವಸ್ತುವಿನ ಮೇಲೆ ಇರಿಸಿ. ಆ ಗೆರೆಯ ಮೇಲೆ ಪರದೆ ಹಾರಬಾರದು, ಹೊಗೆ ಸುಳಿಯಬಾರದು. ಎಲ್ಲರೂ ಮರೆಯುವುದು ನೆರಳು. ತಾತನ ನೆರಳು ಗೆರೆ ದಾಟಿ ಮೊಮ್ಮಗನ ಕಾಲ ಬಳಿ ಬಿದ್ದಿದ್ದರೆ, ಕೂಡಿಸಿದ ಚಿತ್ರದಲ್ಲಿ ಅದು ಕತ್ತಿಯಿಂದ ಕತ್ತರಿಸಿದಂತೆ ಮಾಯವಾಗುತ್ತದೆ. ದೀಪಗಳನ್ನು ಇಡುವಾಗಲೇ ಡ್ಯೂಪ್‌ನನ್ನು ಕೂರಿಸಿ ನೆರಳು ನೋಡಿಕೊಳ್ಳಿ. ಬಯಲಿನಲ್ಲಿ ಇಂಥ ಶಾಟ್ ಬೇಡವೇ ಬೇಡ. ಮೇಕಪ್ ಬದಲಾಗುವಷ್ಟರಲ್ಲಿ ಸೂರ್ಯ ಎಲ್ಲಿಗೋ ಹೋಗಿರುತ್ತಾನೆ.

ಕ್ಯಾಮೆರಾ ಚಲಿಸಲೇಬೇಕೆಂದರೆ ಮೋಷನ್ ಕಂಟ್ರೋಲ್ ಇದೆ. ಕಂಪ್ಯೂಟರ್ ಹಿಡಿತದಲ್ಲಿ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಯಂತ್ರ. 'ಬ್ಯಾಕ್ ಟು ದ ಫ್ಯೂಚರ್' ಎರಡನೆಯ ಭಾಗಕ್ಕೆ (1989) ವಿಸ್ಟಾಗ್ಲೈಡ್ ಎಂಬ ಇಂಥ ಏರ್ಪಾಟನ್ನು ಬಳಸಿದರು. ಮೈಕೆಲ್ ಜೆ. ಫಾಕ್ಸ್ ತಂದೆ, ಮಗ, ಮಗಳು ಮೂವರಾಗಿ ಊಟದ ಮೇಜಿನಲ್ಲಿರುವಾಗ ಕ್ಯಾಮೆರಾ ಸರಾಗವಾಗಿ ಓಡಾಡುತ್ತದೆ. ಅದರ ಬಾಡಿಗೆ ಎಲ್ಲರಿಗೂ ಎಟುಕುವುದಿಲ್ಲ. ಬಡವರ ಉಪಾಯ ಇದು: 3840×2160 ಪಿಕ್ಸೆಲ್‌ಗಳಲ್ಲಿ ಅಲುಗದ ಅಗಲದ ಶಾಟ್ ತೆಗೆದು, 1920×1080ರ ಚೌಕಟ್ಟನ್ನು ಅದರೊಳಗೆ ಸಂಕಲನದಲ್ಲಿ ಸರಿಸುವುದು. ಎರಡೂ ಆಯಾಮದಲ್ಲಿ ಎರಡು ಪಟ್ಟು ಜಾಗ ಇರುವುದರಿಂದ ಸಣ್ಣ ಪ್ಯಾನ್, ಸಣ್ಣ ಜೂಮ್ ಧಾರಾಳವಾಗಿ ಸಿಗುತ್ತದೆ.

ಮೇಕಪ್, ಸಂಕಲನ, ಡಬ್ಬಿಂಗ್

ಅಂಟು ಹಾಕಿ ಕೂರಿಸುವ ಪ್ರಾಸ್ಥೆಟಿಕ್ ಮುಖ ಇದ್ದರೆ ದಿನಕ್ಕೆ ಒಂದೇ ಮುಖ ಎಂಬ ಲೆಕ್ಕದಲ್ಲಿ ಶೆಡ್ಯೂಲ್ ಹಾಕಿ. ಒಂದೇ ದಿನ ಎರಡು ಮಾಡಲೇಬೇಕಾದರೆ ಬರಿಮುಖದ ಪಾತ್ರ ಮೊದಲು, ಅಂಟಿನ ಮುಖ ಆಮೇಲೆ. ಅಂಟು ಕಿತ್ತ ಚರ್ಮ ಕೆಂಪಾಗಿರುತ್ತದೆ, ಅದನ್ನು ಹತ್ತಿರದ ಶಾಟಿನಲ್ಲಿ ಮುಚ್ಚುವುದು ಕಷ್ಟ. ಬೀಗದ ಕೈಯ ದೃಶ್ಯದಂತೆ ಮುದುಕ ಮೊದಲು ಬರಲೇಬೇಕಾದಾಗ ಮೊಮ್ಮಗನ ಸುತ್ತನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಆ ರಾತ್ರಿ ಸೆಟ್ಟಿಗೆ ಬೀಗ ಹಾಕಿ, ಒಂದು ಕುರ್ಚಿಯನ್ನೂ ಯಾರೂ ಸರಿಸದಂತೆ ನೋಡಿಕೊಳ್ಳಿ. ನಟ ಒಂದು ಪಾತ್ರದಿಂದ ಹೊರಬಂದು ಇನ್ನೊಂದಕ್ಕೆ ಹೋಗಲು ಸಮಯ ಬೇಕು ಎಂಬುದನ್ನೂ ಕಾಲ್‌ಶೀಟಿನಲ್ಲಿ ಬರೆಯಿರಿ. ಮೇಕಪ್ ಕುರ್ಚಿಯಿಂದ ಎದ್ದವನನ್ನು ನೇರವಾಗಿ ದೀಪದ ಕೆಳಗೆ ನಿಲ್ಲಿಸುವುದು ಅನ್ಯಾಯ.

ಸಂಕಲನದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇಬ್ಬರೂ ಒಟ್ಟಿಗಿರುವ ಶಾಟನ್ನು ದೃಶ್ಯದ ಆರಂಭದಲ್ಲೇ ಒಮ್ಮೆ ತೋರಿಸಿ ನೋಡುವವರ ಸಂಶಯ ತೀರಿಸಿಬಿಡಿ. ಆಮೇಲೆ ಬೇರೆ ಯಾವುದೇ ಇಬ್ಬರು ನಟರ ದೃಶ್ಯದಂತೆ ಕತ್ತರಿಸಿ. ದುಬಾರಿ ಶಾಟ್ ಎಂದು ಅದನ್ನೇ ಹತ್ತು ಸೆಕೆಂಡು ಹಿಡಿದರೆ ಜನ ಮಾತು ಬಿಟ್ಟು ಅಂಚು ಹುಡುಕಲು ತೊಡಗುತ್ತಾರೆ.

ಡಬ್ಬಿಂಗನ್ನು ದೃಶ್ಯದ ಕ್ರಮದಲ್ಲಿ ಮಾಡಬೇಡಿ, ಪಾತ್ರದ ಕ್ರಮದಲ್ಲಿ ಮಾಡಿ. ತಾತನ ಮಾತೆಲ್ಲ ಒಂದು ದಿನ, ಮೊಮ್ಮಗನದು ಇನ್ನೊಂದು ದಿನ. ಒಂದೇ ಕೂರಿಕೆಯಲ್ಲಿ ಎರಡೂ ದನಿ ತೆಗೆದರೆ ಸಂಜೆಯ ಹೊತ್ತಿಗೆ ಎರಡೂ ನಡುವೆ ಎಲ್ಲೋ ಒಂದಾಗಿಬಿಡುತ್ತವೆ.

ಚಿತ್ರ ಒಂದು ರೂಪಕ್ಕೆ ಬಂದ ಮೇಲೆ ಮೊದಲ ಭಾಗ ನೋಡದ ಕೆಲವರನ್ನು ಕರೆದು ತೋರಿಸಿ. ಮುಗಿದ ಮೇಲೆ ತಂತ್ರ ಹೇಗಿತ್ತು ಎಂದು ಕೇಳಬೇಡಿ. ಬೀಗದ ಕೈಯ ಜಗಳದಲ್ಲಿ ನೀವು ಯಾರ ಪರ ಎಂದು ಕೇಳಿ. ಒಬ್ಬರು ತಾತನ ಪರ, ಇನ್ನೊಬ್ಬರು ಮೊಮ್ಮಗನ ಪರ ವಾದಕ್ಕಿಳಿದರೆ ಕೆಲಸ ಕೈಗೂಡಿದೆ. 'ಅವನು ಎರಡೂ ಚೆನ್ನಾಗಿ ಮಾಡಿದ್ದಾನೆ' ಎಂದಷ್ಟೇ ಹೇಳಿದರೆ ಸಂಕಲನಕ್ಕೆ ಮರಳಿ, ಮಾತುಗಳ ನಡುವಿನ ಬಿಡುವನ್ನು ಒಂದೊಂದಾಗಿ ನೋಡಿ. ಹೆಚ್ಚಿನ ಸಲ ಅದು ಒಂದೆರಡು ಫ್ರೇಮುಗಳಷ್ಟು ಉದ್ದವಾಗಿರುತ್ತದೆ. ಖಾಲಿ ಚೌಕಟ್ಟಿನ ಶಾಟುಗಳನ್ನೂ ಓಕೆಯಾಗದ ಟೇಕುಗಳನ್ನೂ ಕೊನೆಯ ಪ್ರತಿ ಸಿದ್ಧವಾಗುವವರೆಗೆ ಅಳಿಸಬೇಡಿ, ಆ ಫ್ರೇಮುಗಳನ್ನು ಕಡಿಯುವಾಗ ಅವು ಬೇಕಾಗುತ್ತವೆ. ಶೀರ್ಷಿಕೆ ಪಟ್ಟಿಯಲ್ಲಿ ಡ್ಯೂಪ್ ನಟನ ಹೆಸರನ್ನು ತಂತ್ರಜ್ಞರ ಸಾಲಿನಲ್ಲಿ ಹಾಕದೆ ನಟವರ್ಗದ ಸಾಲಿನಲ್ಲಿ ಹಾಕಿ.